ದಾರದ ಕತ್ತರಿ

ಹೊಸ ಬಟ್ಟೆಯನ್ನು ಕಲ್ಲಿನ ಜೊತೆ ಉರುಳಿಸಿ
ಹಳತು ಮಾಡಿ ಮಾರುವ ಊರು ನಮ್ಮ ಬಳ್ಳಾರಿ.
ಕೌಲ್ ಬಜಾರಿನಲ್ಲಿ ಇಪ್ಪತ್ತೆಂಟು ವರ್ಷದಿಂದ
ನಾನು ಕಟಿಂಗ್ ಮಾಸ್ತರ,
ನೀಲಿ ಥಾನಿನ ಮೇಲೆ ಸುಣ್ಣದ ಗೆರೆ ಎಳೆದವನು.
ಬೀಡಿ ಮುಟ್ಟಿದವನಲ್ಲ.
ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ,
ಹೇಳಿ ಹೇಳಿ ನನಗೇ ಬೇಸರ.

ಹುಬ್ಬಳ್ಳಿಯ ಡಾಕ್ಟರು ಕಾಗದ ತಿರುವಿ ಅಂದರು,
"ಹತ್ತೊಂಬತ್ತನೇ ಜಾಗದಲ್ಲಿ ಒಂದು ಚೂರು ಇಲ್ಲ."
ನನಗೆ ಅರ್ಥವಾದದ್ದು ಇಷ್ಟೇ:
ಒಳಗೆಲ್ಲೋ ಒಂದು ಹೊಲಿಗೆ ಬಿಟ್ಟಿದೆ,
ಬಿಟ್ಟಲ್ಲಿಂದ ಮಷಿನ್ನು ಓಡುತ್ತಲೇ ಇದೆ,
ಪೆಡಲಿನಿಂದ ಯಾರೂ ಕಾಲು ಎತ್ತುತ್ತಿಲ್ಲ.
"ದಿನಕ್ಕೊಂದು ಗುಳಿಗೆ. ಗುರಿ ಇಟ್ಟು ಹೊಡೀತದೆ."

ಗುರಿಯೇನೋ ಸರಿ.
ಏಟು ಮಾತ್ರ ಓಣಿಯವರಿಗೆಲ್ಲ ಬಿತ್ತು.

ಎಂಟನೇ ದಿನ ಮುಖದ ತುಂಬ ಮೊಡವೆ,
ಐವತ್ತೊಂದರಲ್ಲಿ ಬಂದ ಹದಿನಾರು.
ಕಾಜಾ ಹೊಡೆಯುವ ಹುಡುಗ ಚಾಂದ್‌ಪೀರ
"ಮಾಸ್ತರ, ಯಾರನ್ನ ನೋಡಾಕತ್ತೀರಿ?" ಅಂದ.
ನಕ್ಕೆ. ತುಟಿ ಬಿರಿಯಿತು.
"ಗುಳ್ಳೆ ಎದ್ರೆ ಔಷಧ ಹತ್ತೈತಿ ಅಂತಾರ,
ಕೆರೀಬ್ಯಾಡ್ರಿ ಅಷ್ಟೆ," ಫೋನಿನಲ್ಲಿ ನರ್ಸಮ್ಮ.
ಅಂದಿನಿಂದ ಕನ್ನಡಿಯಲ್ಲಿ ಕೆಂಪು ಎಣಿಸುತ್ತೇನೆ,
ಹೆಚ್ಚಾದರೆ ಸಂಕಟ, ಕಮ್ಮಿಯಾದರೆ ಭಯ.

ಬೆಳಗಿನ ವಗ್ಗಾಣಿ-ಮಿರ್ಚಿ ಬಿಟ್ಟೆ.
ಬಾಯಿಹುಣ್ಣಿಗೆ ನೀರೂ ಖಾರ.
ಗಂಜಿ, ಬಾಳೆಹಣ್ಣು, ಉಪ್ಪು-ಸಕ್ಕರೆಯ ನೀರು,
ಆಮೇಲೆ ಓಟ.
ಮನೆಯಿಂದ ಯೂನಿಟ್ಟಿಗೆ ಮುನ್ನೂರ ನಲವತ್ತು ಹೆಜ್ಜೆ,
ನಡುವೆ ಎರಡು ಸಂಡಾಸು:
ಒಂದು ಮಸೀದಿಯದು,
ಒಂದು ಟೈರ್ ಅಂಗಡಿ ಗಾದಿಲಿಂಗನದು.
ಗಾದಿಲಿಂಗ ನನ್ನನ್ನು ದೂರದಿಂದ ಕಂಡರೇ ಸಾಕು,
ಏನೂ ಕೇಳದೆ ಚಿಲಕ ತೆಗೆದು
ಪಂಕ್ಚರಿನ ಕಡೆ ತಿರುಗುತ್ತಾನೆ.

ಎಲ್ಲಕ್ಕಿಂತ ಉಗುರು.
ಹೆಬ್ಬೆರಳಿನ ಅಂಚಿಗೆ ಕೀವು,
ಕತ್ತರಿಯ ಹಿಡಿ ಕೂರುವ ಅದೇ ಜಾಗಕ್ಕೆ.
ಎಂಟು ಪದರ ಡೆನಿಮ್ ಸೀಳುತ್ತಿದ್ದ ಕೈ
ಅಂಗಿಯ ಗುಂಡಿಗೆ ಹಂಪಮ್ಮನನ್ನು ಕರೆಯುತ್ತದೆ.
ಗುಳಿಗೆ ನಿಲ್ಲಿಸಿಬಿಡಲೇ ಅಂದೆ ಒಂದು ರಾತ್ರಿ.
ಗುಡ್ಡ ತಾನು ನುಂಗಿದ ಹಗಲ ಬಿಸಿಲನ್ನೆಲ್ಲ
ನಮ್ಮ ತಗಡಿನ ಮೇಲೆ ಉಗುಳುತ್ತಿತ್ತು.
ಆಕೆ ಮಾತಾಡಲಿಲ್ಲ.
ಬೋಗುಣಿಯಲ್ಲಿ ಉಪ್ಪಿನ ಬಿಸಿನೀರು ತಂದು
ನನ್ನ ಹತ್ತೂ ಬೆರಳು ಅದ್ದಿಸಿ
ಧಾರಾವಾಹಿ ನೋಡುತ್ತ ಕೂತಳು.
ಜಾಹೀರಾತು ಬಂದಾಗ ಅಂದಳು,
"ಡಾಕ್ಟರನ್ನ ಕೇಳಿ ನಿಲ್ಲಸ್ರಿ. ನನ್ನ ಕೇಳಬ್ಯಾಡ್ರಿ."

ಕೇಳಿದೆ. ಐದು ದಿನ ಬಿಡುವು, ಒಂದು ಮುಲಾಮು,
ಮತ್ತೆ ಅದೇ ಗುಳಿಗೆ.

ಮೂರನೇ ತಿಂಗಳು, ಯಾರೂ ಹೇಳದೆ ಇದ್ದದ್ದು ಬಂತು.
ಕಣ್ಣರೆಪ್ಪೆ ಬೆಳೆಯತೊಡಗಿತು.
ನೆತ್ತಿ ತೆಳ್ಳಗಾದ ಗಂಡಸಿಗೆ
ಬಯಲಾಟದ ಹೆಣ್ಣುವೇಷದ ರೆಪ್ಪೆ!
ಕೆಲಸದ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು,
ನಾನೂ ಎರಡು ದಿನ ಮೆರೆದೆ.
ಮೂರನೇ ದಿನ ಸುರುಳಿ ಒಳಕ್ಕೆ ಬಾಗಿ
ಕಣ್ಣಿಗೇ ಚುಚ್ಚಿತು.

ಇವತ್ತು ಭಾನುವಾರ. ಕರೆಂಟಿಲ್ಲ.
ಬಾಗಿಲ ಬೆಳಕಿಗೆ ಕುರ್ಚಿ ಎಳೆದು
ದಾರ ಕತ್ತರಿಸುವ ಪುಟ್ಟ ಕತ್ತರಿ ತಂದಳು,
ಕುದಿಸಿ, ಒರೆಸಿ, ಬಿಸಿಲಿಗೆ ಹಿಡಿದು ನೋಡಿ.
"ಕಣ್ಣು ಮುಚ್ರಿ. ಉಸಿರು ಹಿಡೀರಿ."
ಈ ಎದೆಗೆ ಹೇಳುವ ಮಾತೇ ಅದು?
ಆದರೂ ಹಿಡಿದೆ.
ಮುಖದ ಹತ್ತಿರ ಆಕೆಯ ಎಲೆಅಡಿಕೆಯ ಉಸಿರು,
ಕಚ್, ಕಚ್, ಕೆನ್ನೆಗೆ ಒಂದೊಂದೇ ಎಳೆ.
ಇಪ್ಪತ್ತೆಂಟು ವರ್ಷದಲ್ಲಿ ಈ ಕತ್ತರಿ
ಒಮ್ಮೆಯೂ ನನ್ನ ಕಡೆ ತಿರುಗಿರಲಿಲ್ಲ.
ಅಳತೆ ತೆಗೆಯದೆಯೇ ಎಷ್ಟು ಸರಿಯಾಗಿ ಕತ್ತರಿಸುತ್ತಾಳೆ!

ಎಡಗಣ್ಣು ಮುಗಿಯಿತು. ಕುಕ್ಕರ್ ಕೂಗಿತು.
"ಅಲ್ಲಾಡಬ್ಯಾಡ್ರಿ, ಬಂದೆ."
ಹದಿನೇಳಕ್ಕೆ ಸ್ಕ್ಯಾನ್ ಇದೆ.
ಒಂದು ರೆಪ್ಪೆ ಗಿಡ್ಡ, ಒಂದು ಉದ್ದ,
ಕೂತೇ ಇದ್ದೇನೆ.
ವಾಷಿಂಗಿನ ನೀಲಿ ನೀರು
ಗಟಾರದಲ್ಲಿ ಬಾಗಿಲು ದಾಟಿ ಹೋಗುತ್ತಿದೆ.